ಅಪ್ಪ ತೋರಿಸಿಕೊಟ್ಟ ಬಸ್‌ಸ್ಟಾಪುಗಳು

ಹುರುಳಿ ಬೇಯುವ ವಾಸನೆ ಈಗಲೂ ನನಗೆ ಆಗುವುದಿಲ್ಲ. ಸೊಸೆ ಹುರುಳಿಕಾಳಿನ ಸಾರು ಮಾಡಿದ ದಿನ ನಾನು ಬೀದಿಬಾಗಿಲಲ್ಲಿ ಹೋಗಿ ಕೂರುತ್ತೇನೆ. ಮುದುಕಿಗೆ ಧಿಮಾಕು ಅಂದುಕೊಳ್ಳುತ್ತಾಳೆ, ಅಂದುಕೊಳ್ಳಲಿ. ಒಂಟಿಕೊಪ್ಪಲಿನ ನಮ್ಮ ಹೆಂಚಿನ ಮನೆಯಲ್ಲಿ ಮನುಷ್ಯರ ಒಲೆಗಿಂತ ಮೊದಲು ಕುದುರೆಯ ಒಲೆ ಹೊತ್ತುತ್ತಿತ್ತು. ಅಪ್ಪ ಜಟಕಾ ಹೊಡೆಯುತ್ತಿದ್ದ. ಚಂದ್ರಿ ಅನ್ನುವ ಕಂದು ಕುದುರೆ ಹುರುಳಿ ತಿಂದ ಮೇಲೆಯೇ ನಮಗೆ ಮುದ್ದೆ. ಗಾಡಿಯೊಳಗೆ ಹಸಿಹುಲ್ಲು ಹಾಸಿ, ಮೇಲೊಂದು ಜಮಖಾನ ಹರಡಿದರೆ ಅದೇ ಮೆತ್ತೆ. ಯಾರಿಗೆ ಮಂಡಿನೋವು, ಯಾವ ಬೀದಿಯ ಬಸುರಿಯನ್ನು ಕುಲುಕದೆ ಕರೆದೊಯ್ಯಬೇಕು, ಯಾವ ತೂಕದವರನ್ನು ಎಲ್ಲಿ ಕೂರಿಸಬೇಕು, ಎಲ್ಲವೂ ಅಪ್ಪನಿಗೆ ಗೊತ್ತಿತ್ತು. “ವಸಿ ಮುಂದಕ್ಕೆ ಸರ್ಕಳಿ ಕಣ್ರೀ, ಹಿಂದಕ್ಕೆ ಭಾರ ಆದ್ರೆ ಗಾಡಿ ಮ್ಯಾಕ್ಕೆದ್ಬುಡ್ತದೆ” ಅನ್ನುವುದು ದಿನಕ್ಕೆ ಹತ್ತು ಸಲ.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ನನಗೆ ಒಂಬತ್ತು. ನಮ್ಮ ಕಡೆಗೂ ಸಿಟಿಬಸ್ಸು ಬರುತ್ತದಂತೆ ಅನ್ನುವ ಸುದ್ದಿ. ಒಂದು ಭಾನುವಾರ ಕರಿಕೋಟಿನ ಸಾಹೇಬರೊಬ್ಬರು ಕೈಯಲ್ಲಿ ನಕ್ಷೆ ಹಿಡಿದು ಅಪ್ಪನ ಗಾಡಿ ಹತ್ತಿದರು. ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂದು ಗುರುತು ಮಾಡುವುದು ಅವರ ಕೆಲಸ. “ಜನ ಎಲ್ಲಿ ಕಾಯ್ತಾರೆ ಅನ್ನೋದು ನಿಮಗೆ ಗೊತ್ತಿರೋ ಹಾಗೆ ನಮಗೆ ಗೊತ್ತಿಲ್ಲ ಗೌಡ್ರೇ. ನೀವೇ ತೋರಿಸ್ಬೇಕು” ಅಂದರು. ಅಷ್ಟೇ ಸಾಕಾಯಿತು. ಜಟಕಾದವನನ್ನು ‘ನೀವು’ ಅಂದವರು ಅಪ್ಪನ ಜನ್ಮದಲ್ಲಿ ಎಷ್ಟು ಮಂದಿ, ನೀವೇ ಹೇಳಿ. ಅವತ್ತೆಲ್ಲ ಊರು ತೋರಿಸಿದ. ಲಗಾಮು ಎಳೆಯುವುದೇ ಬೇಡ, ಗಿರಾಕಿ ಹತ್ತುವ ಜಾಗ ಬಂದರೆ ಚಂದ್ರಿ ತಾನೇ ನಿಲ್ಲುತ್ತಿದ್ದಳು, ಸಾಹೇಬರು ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದರು. ನಾನು ಅಪ್ಪನ ಪಕ್ಕ, ಕುದುರೆ ಕಟ್ಟುವ ಮೂಕಿಯ ಹತ್ತಿರ ಕೂತು ಮಹಾರಾಣಿಯ ಹಾಗೆ ಬೀಗುತ್ತಿದ್ದೆ. ಕೊನೆಗೆ ಅವರು ನಕ್ಷೆ ಮಡಚುವಾಗ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. “ಸ್ವಾಮಿ, ಅಪ್ಪ ಒಂದ ಮರ್ತ್ಬುಟ್ಟ. ಬೇವಿನಮರದ ಮೂಲೇಲಿ ಇಸ್ಕೂಲ್ ಹುಡ್ಗೀರು ಕಾಯ್ತಾರೆ. ದಿನಾ ನಾವೇ ಕರ್ಕೊಂಡೋಗೋದು” ಅಂದೆ. ಸಾಹೇಬರು ನಕ್ಕು, “ಭಲೇ ಜಾಣೆ” ಅಂತ ಕೆನ್ನೆ ತಟ್ಟಿ, ನಕ್ಷೆ ಮತ್ತೆ ಬಿಚ್ಚಿ ಅಲ್ಲೂ ಒಂದು ಚುಕ್ಕೆ ಇಟ್ಟರು. ಅಪ್ಪ ಚಂದ್ರಿಯ ಕುತ್ತಿಗೆ ಸವರುತ್ತಾ ನಿಂತಿದ್ದ.

ನಾಲ್ಕು ತಿಂಗಳಿಗೆ ಚುಕ್ಕೆ ಇಟ್ಟಲ್ಲೆಲ್ಲ ಬಸ್‌ಸ್ಟಾಪಿನ ಕಂಬ ಎದ್ದವು. ಜಟಕಾ ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಬೀಡಿಗೆ ಬೆಂಕಿ ಕೊಡುವವರೂ ಇಲ್ಲದಾದರು. “ಕೊಡಲಿ ಕಾವು ಕುಲಕ್ಕೆ ಸಾವು ಅಂತಾರಲ್ಲ, ಇವ್ನೇ ಕಣ್ಲಾ ಆ ಕಾವು” ಎಂದು ಉಳಿದ ಜಟಕಾದವರು ಅವನ ಎದುರಿಗೇ ಅಂದರು. ಅಂದದ್ದು ಸುಳ್ಳೇ? ಮಂಡಿನೋವಿನವರೂ ಬಸುರಿಯರೂ ಬಸ್ಸಿನ ಕಂಬಿ ಹಿಡಿದು ನಿಂತರು, ನೋವೆಲ್ಲ ಎಲ್ಲಿ ಹೋಯಿತೋ ಕಾಣೆ. ಸ್ಕೂಲಿನ ಹುಡುಗಿಯರಾದರೂ ಉಳಿದಿದ್ದರೆ ಕುದುರೆಯ ಹೊಟ್ಟೆ ಹೇಗೋ ನಡೆಯುತ್ತಿತ್ತು. ಅವರ ಮನೆಯವರು, ಮೂಲೆಗೇ ಬಸ್ಸು ಬರುತ್ತಲ್ಲಪ್ಪ, ಬೇಜಾರು ಮಾಡ್ಕೋಬೇಡ ಅಂದರು. ಖಾಲಿ ಗಾಡಿ ಹೊಡೆದುಕೊಂಡು ಬರುವಾಗ ಚಂದ್ರಿ ಹಳೇ ರೂಢಿಯಲ್ಲಿ ಪ್ರತಿ ಕಂಬದ ಬುಡದಲ್ಲೂ ನಿಂತುಬಿಡುತ್ತಿದ್ದಳು. ಹಿಂದೆ ಬಸ್ಸಿನವನ ಹಾರ್ನ್, ಕಿಟಕಿಯಲ್ಲಿ ನಗು. ಆ ನಗುವಿನಲ್ಲಿ ನಮ್ಮ ಗಾಡಿಯಲ್ಲೇ ಬೆಳೆದ ಹುಡುಗಿಯರದೂ ಇತ್ತು. ದೀಪಾವಳಿಯ ಹೊತ್ತಿಗೆ ಚಂದ್ರಿಯನ್ನು ಇಟ್ಟಿಗೆ ಗೂಡಿನವನೊಬ್ಬ ಕ್ರಯಕ್ಕೆ ಕೊಂಡು ಹೊಡೆದುಕೊಂಡು ಹೋದ. ಅಪ್ಪ ದಿನಸಿ ಮಂಡಿಯಲ್ಲಿ ಮೂಟೆ ಹೊರಲು ಸೇರಿದ, ಹೋಗಿಬರುವುದು ನಡೆದೇ.

ನನ್ನ ಮದುವೆಯಾಗಿ, ಅಪ್ಪ ಹಾಸಿಗೆ ಹಿಡಿದಾಗ ಆರೈಕೆಗೆ ಬಂದಿದ್ದೆ. ಗಂಜಿ ಕುಡಿಸುತ್ತಾ, ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. “ಅಪ್ಪಾ, ನೀನು ಮರೆತಿದ್ದ ಆ ಬೇವಿನಮರದ ಮೂಲೆ ನಾನು ಹೇಳದೆ ಇದ್ದಿದ್ರೆ ಚಂದ್ರಿ ಉಳೀತಿದ್ಲಾ?”

“ಮರ್ತಿರ್ನಿಲ್ಲ ಕಣವ್ವ” ಅಂದ. “ಅದೊಂದು ನಮಗಿರ್ಲಿ ಅಂತ ಮಡೀಕಂಡಿದ್ದೆ. ನೀನು ಆ ಸಾಹೇಬ್ರ ಮುಂದೆ ಹೆದರ್ದೆ ಮಾತಾಡಿದ್ದ ನೋಡಿ ಎದೆ ತುಂಬೋಯ್ತು. ಬ್ಯಾಡ ಅನ್ನಕ್ಕೆ ಬಾಯಿ ಬರ್ನಿಲ್ಲ.”

ಅದಾಗಿ ಮೂರನೇ ದಿನ ಹೋದ. ಒಂದು ಸಲವಾದರೂ ಬೈದು ಹೋಗಬಾರದಿತ್ತೇ.