ಎಲ್ಲೋರದ ಊಟದ ಮನೆ

ನಾನು ಹೋಟೆಲಿನವನು. ಯಾವ ಪುರಾತನ ಗುಹೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅಡುಗೆಮನೆಯನ್ನು. ಶಿಲ್ಪಕಲೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ನಾಸಿಕದ ಪಾಂಡವಲೇಣಿಯ ಗುಹೆಗಳಿಗೆ ಹತ್ತಿದಾಗಲೂ ಅಷ್ಟೆ. ಜೊತೆಯವರು ಕಂಬದ ಮೇಲಿನ ಆನೆ, ಎತ್ತುಗಳನ್ನು ನೋಡುತ್ತಿದ್ದರೆ ನಾನು ಒಲೆಯ ಹೊಗೆ ಯಾವ ಕಡೆಯಿಂದ ಹೋಗುತ್ತಿತ್ತೋ ಎಂದು ಯೋಚಿಸುತ್ತಿದ್ದೆ. ಬೌದ್ಧ ಭಿಕ್ಷುಗಳು ಮಳೆಗಾಲವಿಡೀ ಒಂದೇ ಕಡೆ ತಂಗುತ್ತಿದ್ದರಂತೆ. ಅಂದರೆ ಈ ಗುಹೆಗಳೂ ಒಂದು ರೀತಿಯಲ್ಲಿ ನಮ್ಮ ದಂಧೆಯವೇ. ಲಾಡ್ಜಿಂಗ್ ಉಂಟು, ಬೋರ್ಡಿಂಗಿನ ಗುರುತು ಮಾತ್ರ ಸಿಗುವುದಿಲ್ಲ.

ನನ್ನ ಹೆಂಡತಿ ಜಲಜಳಿಗೆ, ಮದುವೆಯಾಗಿ ಉಡುಪಿಯ ಕಡೆಯಿಂದ ನಾಸಿಕಕ್ಕೆ ಬಂದಾಗಿನಿಂದ, ಎಲ್ಲೋರ ನೋಡುವ ಆಸೆ. ಊರಂಚಿನ ಸಾತಪುರದಲ್ಲಿ ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದ ಆ ಎಪ್ಪತ್ತರ ದಶಕದಲ್ಲಿ ನಮಗೆ ಪುರುಸೊತ್ತೆಲ್ಲಿ? ಅಲ್ಲೇ ನಮ್ಮ ಪುಟ್ಟ ಹೋಟೆಲು; ಅಡುಗೆ ನನ್ನದು, ಬಡಿಸುವುದು ಅವಳದು. ಒಂದು ಪಾಳಿಯವರು ಕೈ ತೊಳೆಯುವಷ್ಟರಲ್ಲಿ ಮುಂದಿನ ಪಾಳಿಯವರು ಹಾಜರು. ಎಲ್ಲರದೂ ಮುಗಿದ ಮೇಲೆ ಅವಳು ಒಲೆಯ ಪಕ್ಕ ನಿಂತೇ ನಾಲ್ಕು ತುತ್ತು ನುಂಗುವಳು. ಕೊನೆಗೊಮ್ಮೆ ಹೇಳಿಯೇಬಿಟ್ಟಳು: “ಎಂತ ಮಾರಾಯ್ರೆ, ಎರಡು ದಿನ ಬಾಗಿಲು ಹಾಕಿದ್ರೆ ನಾಸಿಕ ಉಪವಾಸ ಬೀಳ್ತದಾ? ನಂಗೆ ಎಲ್ಲೋರ ನೋಡ್ಬೇಕು. ನಿಮ್ಮೊಟ್ಟಿಗೆ ಒಂದು ಹೊತ್ತು ಕೂತು ಊಟ ಮಾಡ್ಬೇಕು. ಅಷ್ಟೇ.”

ಎರಡು ದಿನವಾದರೂ ಕೆಡದ ಪುಳಿಯೋಗರೆಯನ್ನು ನಾನೇ ಕಲಸಿದೆ. ಸರಕಾರಿ ಎಸ್.ಟಿ. ಬಸ್ಸು ನಿಫಾಡಿನ ದ್ರಾಕ್ಷಿ ತೋಟಗಳನ್ನು ದಾಟುವ ತನಕ ನನಗೆ ಹೋಟೆಲಿನದೇ ಚಿಂತೆ. ಔರಂಗಾಬಾದಿನಲ್ಲಿ ತಂಗಿ, ಮರುದಿನ ದೌಲತಾಬಾದಿನ ಕೋಟೆಯನ್ನು ಕಿಟಕಿಯಿಂದಲೇ ನೋಡಿ ಮುಗಿಸಿ ಎಲ್ಲೋರ ಸೇರಿದೆವು.

ಅಲ್ಲಿ ಐದನೆಯ ಗುಹೆಯಲ್ಲಿ ನನ್ನ ಜನ್ಮ ಸಾರ್ಥಕವಾಯಿತು. ಈ ತುದಿಯಿಂದ ಆ ತುದಿಗೆ ಎರಡು ಸಾಲು ಗಿಡ್ಡ ಕಲ್ಲುಬೆಂಚುಗಳು! ಕೂತು ಓದುವುದಕ್ಕೆ ಎನ್ನುವವರಿದ್ದಾರೆ, ಊಟಕ್ಕೆ ಎನ್ನುವವರೂ ಇದ್ದಾರೆ. ನನಗಂತೂ ಸಂಶಯವೇ ಇರಲಿಲ್ಲ. ಭಿಕ್ಷುಗಳು ಹೇಗೆ ಪಂಕ್ತಿಯಲ್ಲಿ ಕೂತಿದ್ದರು, ಬಡಿಸುವವರು ನಡುವೆ ಹೇಗೆ ಓಡಾಡಿದರು ಎಂದು ಕಣ್ಣಾರೆ ಕಂಡವನ ಹಾಗೆ ವಿವರಿಸಿದೆ. ಜಲಜ ಎಲ್ಲವನ್ನೂ ಕೇಳಿಸಿಕೊಂಡು, “ಆ ಬಡಿಸಿದವ್ರು ಎಲ್ಲಿ ಕೂತು ಉಂಡ್ರು?” ಎಂದಳು.

ಬುತ್ತಿ ಹಿಡಿದು ಹೊರಗೆ ಬಂದು, ಬೇವಿನ ನೆರಳಲ್ಲಿ ಅವಳನ್ನು ಕೂರಿಸಿ ನಾನೇ ಬಡಿಸಿದೆ. ಅಭ್ಯಾಸಬಲದಿಂದ ಏಳಲು ನೋಡಿದಳು, ನಾನು ಬಿಡಲಿಲ್ಲ. ಎದುರಿಗೆ ನಾನೂ ಕೂತೆ. ಅವಳು ಅವಸರವಿಲ್ಲದೆ ಅಗಿದು ಉಣ್ಣುವುದನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ. ಬಹಳ ಸಂತೋಷವಾಯಿತು.

ನಾಲ್ಕಾರು ತುತ್ತಾದ ಮೇಲೆ ಅವಳು ಮುಖ ಕಿವುಚಿದಳು.

“ಉಪ್ಪು ಕಮ್ಮಿ ಆಯ್ತು ಮಾರಾಯ್ರೆ. ಹುಳಿಯೂ ಸಾಲ್ದು.”

ಅಷ್ಟು ವರ್ಷ ಒಲೆಯ ಪಕ್ಕ ನಿಂತೇ ನನ್ನ ಅಡುಗೆ ಉಂಡವಳು ಒಂದು ದಿನವೂ ಕೊರತೆ ಹೇಳಿದವಳಲ್ಲ. ಅದು ನನ್ನ ಕೈಗುಣ ಎಂದೇ ನಾನು ತಿಳಿದಿದ್ದೆ!