ಹಲಗಿಯ ಆ ಕಡಿ

ಪ್ಲೈವುಡ್ ಸುಟ್ಟ ವಾಸನಿ ಬಂದರ ಈಗೂ ಡ್ರಿಲ್ ಮಷೀನಿನ ಗುಂಡಿ ಮ್ಯಾಲಿನ ನನ್ನ ಬೆರಳು ತಾನೇ ಸಡಿಲ ಆಗ್ತದ. ಮೊನ್ನೆ ಹುಮನಾಬಾದಿನ ಒಂದು ಹೊಸ ಮನ್ಯಾಗ ಸಿಂಕಿನ ಕೆಳಗಿನ ಕಪಾಟಿಗೆ ಪೈಪು ಹೋಗೋ ತೂತು ಕೊರೀಲಾಕತ್ತಿದ್ದೆ. ಕೊಂಚ ಜೋರಾತು, ಹೊಗಿ ಎದ್ದಿತು. ಆ ವಾಸನ್ಯಾಗ ಅಣ್ಣ ಬಂದು ನಿಂತಂಗಾತು...

ಅಣ್ಣ ಅಂದ್ರ ಒಡಹುಟ್ಟಿದಾಂವಲ್ಲ. ಬಸವಕಲ್ಯಾಣದ ಬಡಿಗ, ನನ್ನ ಜೋಡಿ ಕೆಲಸ ಮಾಡ್ತಿದ್ದಾಂವ. ಅಡಿಗಿಮನಿ ಕಪಾಟಿನ ಕೆಲಸ ಇಬ್ರೂ ಕೂಡೇ ಹಿಡೀತಿದ್ವಿ. ಹಲಗಿ ನೆಟ್ಟಗ ನಿಲ್ಲಿಸಿ ನಾ ಈ ಕಡಿ ಡ್ರಿಲ್ ಮಷೀನ್ ಹಿಡಿದ್ರ, ಅಂವ ಆ ಕಡಿ ಕುಕ್ಕರಗಾಲಿಲೆ ಕೂತು ಹಿಂದಿನಿಂದ ಒಂದು ರದ್ದಿ ಕಟ್ಟಿಗಿ ತುಂಡು ಒತ್ತಿ ಹಿಡೀತಿದ್ದ. ಹಂಗ ಹಿಡೀಲಿಲ್ಲಾಂದ್ರ ಕೊರಿಯೋ ಬಿಟ್ ಹೊರಬೀಳುವಾಗ ಮ್ಯಾಲಿನ ಲ್ಯಾಮಿನೇಟ್ ಪದರ ಚಕ್ಕಿ ಎದ್ದು ಹಲಗಿ ಹಾಳಾಗ್ತದ.

ಅವನ ಕಿವಿ ಎಂದೋ ಹೋಗಿದ್ವು. ಮಷೀನಿನ ಸಪ್ಪಳ ಕೇಳ್ತಿರಲಿಲ್ಲ, ಆದ್ರ ಹಲಗಿಗೆ ಅಂಗೈ ಹಚ್ಚಿದ್ರ ನಡುಕ ತಿಳೀತಿತ್ತು. ಸ್ಕ್ರೂ ಕೂಡೋ ಸಣ್ಣ ತೂತಿಗೆ ಎಷ್ಟು ಜೋರು ಓಡಿಸಿದ್ರೂ ಸುಮ್ಮನಿರ್ತಿದ್ದ. ಪೈಪಿನ ಅಗಲ ತೂತಿಗೆ ಹಲ್ಲಿನ ದೊಡ್ಡ ಬಿಟ್ ಹಾಕಿ ಜೋರು ಮಾಡಿದ್ನೋ, ಬೆರಳ ಗಣ್ಣಿಲೆ ಹಲಗಿಗೆ ಒಮ್ಮೆ ಬಡಿಯಾಂವ. ಪ್ಲೈ ಸುಡ್ತದ, ನಿಧಾನ ಅಂತ ಅರ್ಥ. ಬಿಟ್ಟಿನ ನಡುವಿನ ಮೊನಿ ಆಚೆ ದಾಟಿ ಅವನ ತುಂಡಿಗೆ ಚುಚ್ಚಿತಂದ್ರ ಎರಡು ಸಲ ಬಡೀತಿದ್ದ. ನಿಲ್ಲಿಸು, ಉಳಿದದ್ದು ನನ್ನ ಕಡಿಯಿಂದ ಕೊರಿ ಅಂತ. ಎರಡೂ ಕಡಿಯಿಂದ ಕೊರೆದ ತೂತು ಎಷ್ಟು ನುಣ್ಣಗ ಬರ್ತಿತ್ತು ಅಂತೀರಿ!

ಒಂದು ಸಲ ಬಸವಕಲ್ಯಾಣದಾಗೇ ಒಬ್ಬ ಮನಿ ಮಾಲಕ ನನ್ನ ಬದಿಗೆ ಕರೆದು, ಕಿವುಡನ್ನ ಮಷೀನ್ ಹತ್ರ ಕೂಡಸಬ್ಯಾಡ್ರಿ, ನಾಳೆಯಿಂದ ಬ್ಯಾರೆ ಮಂದಿ ತರ್ರಿ ಅಂದ. ಬಂದ್ರ ಇಬ್ರೂ ಬರ್ತೀವಿ, ಇಲ್ಲಾಂದ್ರ ಇಬ್ರೂ ಇಲ್ಲ ಅಂದೆ. ಗೊಣಗಿಕೋಂತ ಒಪ್ಪಿದ. ಅಣ್ಣಗ ಮಾತು ಕೇಳಿರಲಿಲ್ಲ, ನನ್ನ ಮಾರಿ ನೋಡೇ ತಿಳಕೊಂಡಿದ್ದ. ಮಧ್ಯಾಹ್ನ ರೊಟ್ಟಿ ಮುರಿಯೋದು ಬಿಟ್ಟು ಕೇಳಿದ.

"ತಮ್ಮಾ, ನನ್ನ ಬಿಡ್ತಿ ಏನು?"

ತನ್ನ ದನಿ ತನಗ ಕೇಳದಾಂವ, ಇಡೀ ಮನಿಗೆ ಕೇಳೂವಂಗ ಕೇಳಿದ. ಎದ್ದು ಹೋಗಿ ಆ ರದ್ದಿ ತುಂಡು ತಂದು ಅವನ ಕೈಯಾಗ ಇಟ್ಟೆ. ಆಮ್ಯಾಲ ಅಂವ ರೊಟ್ಟಿ ಉಂಡ.

ಹೋದ ಚಳಿಗಾಲದಾಗ ಅಣ್ಣ ತೀರಿಕೊಂಡ. ಬ್ಯಾರೆ ಯಾರನ್ನೂ ಜೋಡಿ ಮಾಡ್ಕೊಳ್ಳಾಕ ನನಗ ಮನಸಾಗಲಿಲ್ಲ. ಈಗ ಆ ರದ್ದಿ ತುಂಡನ್ನ ತಿರುಪು ಬಿಗಿಯೋ ಕಬ್ಬಿಣದ ಕ್ಲಾಂಪ್ ಹಿಡೀತದ. ಗಟ್ಟಿಯಾಗೇ ಹಿಡೀತದ, ಸುಳ್ಳ್ಯಾಕ ಹೇಳ್ಲಿ. ಬಡಿಯೂದಿಲ್ಲ, ಅಷ್ಟೇ.

ಮೊನ್ನೆ ಹೊಗಿ ಕಂಡ ಕೂಡಲೇ ವೇಗ ಇಳಿಸಿದೆ. ಮೊನಿ ಆಚೆ ಚುಚ್ಚಿದ್ದು ಕೈಗೆ ತಿಳೀತು. ಮಷೀನ್ ನಿಲ್ಲಿಸಿ ಕಾಯ್ದೆ... ಏನು ಕಾಯಾಕತ್ತೇನಿ ಅಂತ ಹೊಳೆದು ನಗು ಬಂತು, ಪೂರಾ ಬರಲಿಲ್ಲ.

ಆ ಕಡಿ ಹೋಗಿ ಅಂವ ಕೂಡ್ತಿದ್ದಂಗೆ ಕೂತೆ. ಅಲ್ಲಿಂದ ಏನೂ ಕಾಣೂದಿಲ್ಲ. ಮೂಗಿನ ಮುಂದ ಬರೇ ಹಲಗಿ. ಕಿವಿ ಕೇಳಸದಾಂವ, ನನ್ನ ಮಾರಿನೂ ಕಾಣದಂಗ, ಇಷ್ಟು ವರ್ಷ ಇಲ್ಲಿ ಕೂತಿದ್ದ. ದಿನಾ ನನ್ನ ಜೋಡಿ ಅವನು ಆಡಿದ್ದು ಆ ಬಡಿತದ ಮಾತೇ ಹೆಚ್ಚು.

ಹಲಗಿಗೆ ಅಂಗೈ ಹಚ್ಚಿ ನೋಡಿದೆ. ತಣ್ಣಗಿತ್ತು. ಆ ಕಡಿ ಮಷೀನ್ ಹಿಡಿಯಾಂವ ಯಾರೂ ಇರಲಿಲ್ಲ.