ಹೇಳದೇ ಬಿಟ್ಟ ಹದಿನಾಲ್ಕು ದಿನ

1956ರಲ್ಲಿ ನಾನು ಗದಗಿನ ಪಶು ದವಾಖಾನೆಯಲ್ಲಿ ಸಹಾಯಕ ಪಶುವೈದ್ಯನಾಗಿದ್ದೆ. ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮೇಲಿನಿಂದ ಬರುವ ಕಾಗದವೆಲ್ಲ ಇಂಗ್ಲಿಷಿನಲ್ಲಿ, ಇಲ್ಲವೇ ಮರಾಠಿಯಲ್ಲಿ. ಎಲ್ಲಿ ನಾಲ್ಕು ಜನ ಕೂತರೂ ಏಕೀಕರಣದ್ದೇ ಮಾತು. ನನಗೆ ಮಾತ್ರ ಕೋಳಿಯದೇ ಚಿಂತೆ. ದನದ ಡಾಕ್ಟರಾಗಲೆಂದು ಓದಿದವನು ಕೋಳಿಯ ಹಿಂದೆ ಓಡಾಡುತ್ತಿದ್ದಾನೆಂದು ಗೆಳೆಯರು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಚಿಂತೆಗೆ ಕಾರಣ ರಾಣಿಖೇತ್ ರೋಗ. ಇದು ವೈರಸ್‌ನಿಂದ ಬರುವ ಕಾಯಿಲೆ. ಕೋಳಿ ಮೊದಲು ಮಂಕಾಗುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ, ಕೊನೆಗೆ ಕತ್ತು ತಿರುಚಿಕೊಂಡು ಬೀಳುತ್ತದೆ. ಒಂದು ಮನೆಗೆ ಹೊಕ್ಕರೆ ಓಣಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಬಂದ ಮೇಲೆ ಔಷಧವಿಲ್ಲ. ಇರುವುದು ಲಸಿಕೆ ಒಂದೇ. ಅದು ಗಾಜಿನ ಆಂಪ್ಯೂಲ್‌ನಲ್ಲಿ ಪುಡಿಯ ರೂಪದಲ್ಲಿ, ಐಸಿನ ಪೆಟ್ಟಿಗೆಯೊಳಗೆ ರೈಲಿನಲ್ಲಿ ಬರುತ್ತಿತ್ತು. ಥರ್ಮಾಸ್‌ನಲ್ಲಿಟ್ಟು ಹಳ್ಳಿಗೆ ಒಯ್ದು, ಸಲೈನ್ ನೀರಿನಲ್ಲಿ ಕರಗಿಸಿ, ಬಿಸಿಲೇರುವ ಮೊದಲೇ ರೆಕ್ಕೆಯ ಕೆಳಗೆ ಚುಚ್ಚಿ ಮುಗಿಸಬೇಕು. ಸರಿಯಾಗಿ ಕೊಟ್ಟರೆ ಬಲು ಒಳ್ಳೆಯ ಲಸಿಕೆ ಅದು. ಆದರೆ ಚುಚ್ಚಿದ ಕೂಡಲೇ ರಕ್ಷಣೆ ಬರುವುದಿಲ್ಲ. ಮೈಯಲ್ಲಿ ಪ್ರತಿರೋಧ ಶಕ್ತಿ ಪೂರ್ತಿ ಬೆಳೆಯಲು ಹದಿನಾಲ್ಕು ದಿನ ಬಿಡಬೇಕು. ಅಷ್ಟರೊಳಗೆ ರೋಗ ಬಂದರೆ ಸೂಜಿ ಹಾಕಿದ್ದನ್ನು ನಂಬುವಂತಿಲ್ಲ. ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷ್ ಚೀಟಿಯಲ್ಲಿ ಇದೆಲ್ಲ ಅಚ್ಚಾಗಿತ್ತು. ನಾನು ಓದಿದ್ದೆ.

ಫೆಬ್ರುವರಿಯಲ್ಲಿ ಲಕ್ಕುಂಡಿಗೆ ಹೋದಾಗ ಇದನ್ನು ಜನರಿಗೆ ಬಿಡಿಸಿ ಹೇಳಿದೆ. ಹದಿನಾಲ್ಕು ದಿನ ಹೊರಗಿನ ಕೋಳಿ ಸೇರಿಸಬೇಡಿ, ಅಲ್ಲಿಯವರೆಗೆ ಲಸಿಕೆಯನ್ನು ನಂಬಬೇಡಿ ಎಂದೆ. ಮುಂದೆ ನಿಂತಿದ್ದ ಮುದುಕನೊಬ್ಬ, “ಹಂಗಾರ ಹದ್ನಾಕ ದಿನಾ ಬಿಟ್ಟ ಬರ್ರಿ ಸಾಹೇಬ್ರ. ಅದು ಕೆಲಸ ಮಾಡೂ ದಿವಸನ ಚುಚ್ಚೀರಂತ” ಎಂದುಬಿಟ್ಟ. ನೆರೆದವರೆಲ್ಲ ಹೋ ಎಂದು ನಕ್ಕು, ಕೋಳಿಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಕರಗಿಸಿಟ್ಟ ಲಸಿಕೆಯನ್ನು ಮಣ್ಣಿಗೆ ಚೆಲ್ಲಿ ಬಂದೆ. ಮೈಯೆಲ್ಲ ಉರಿದುಹೋಗಿತ್ತು. ಇನ್ನು ಮೇಲೆ ಈ ಹದಿನಾಲ್ಕು ದಿನದ ಮಾತನ್ನೇ ಎತ್ತಬಾರದೆಂದು ಆವತ್ತೇ ನಿಶ್ಚಯಿಸಿದೆ.

ಮಾರ್ಚಿನಲ್ಲಿ ಮುಂಡರಗಿಯ ಕಡೆ ರೋಗ ಬಿದ್ದ ಖಬರು ಬಂತು. ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಕೋಳಿಗಳು ಇನ್ನೂ ನೆಟ್ಟಗಿದ್ದವು. ಆ ಊರಿನ ಹೆಸರು ಬೇಡ. ದವಾಖಾನೆಯಲ್ಲಿ ಗಾಯ ಕಟ್ಟುವ ಡ್ರೆಸರ್ ಯಲ್ಲಪ್ಪನೊಡನೆ ಬೆಳಕು ಹರಿಯುವಷ್ಟರಲ್ಲಿ ಅಲ್ಲಿದ್ದೆ. ಯಲ್ಲಪ್ಪ ನನಗಿಂತ ಇಪ್ಪತ್ತು ವರ್ಷ ಹಿರಿಯ, ಅಲ್ಲೇ ದುಡಿದು ತಲೆ ಹಣ್ಣಾದವನು.

ಕೋಳಿ ಮುಚ್ಚಿಟ್ಟ ಬುಟ್ಟಿಯನ್ನು ನಮಗಾಗಿ ಮೊದಲು ಎತ್ತಿದವಳು ಹುಸೇನಬಿ. ಕೌದಿ ಹೊಲಿದು ಬದುಕುತ್ತಿದ್ದ ವಿಧವೆ. ಹದಿನೆಂಟು ಕೋಳಿ ಸಾಕಿದ್ದಳು, ಒಂದನ್ನೂ ಮಾರಿರಲಿಲ್ಲ. ಮುಂಡರಗಿಯ ಕಡೆಗೆ ಕೊಟ್ಟ ಮಗಳು ಫಾತಿಮಾ ತುಂಬಿದ ಬಸುರಿ, ಬಾಣಂತನಕ್ಕೆ ಬರುವವಳಿದ್ದಳು. ಅವಳ ಮೊದಲ ಕೂಸು ಎದೆಹಾಲಿಲ್ಲದೆ ಸೊರಗಿ ತೀರಿಹೋಗಿತ್ತು. ಈ ಸಲ ನಲವತ್ತು ದಿನ ಮಗಳಿಗೆ ಕೋಳಿಸಾರು, ತತ್ತಿ ತಪ್ಪಬಾರದೆಂದು ತಾಯಿಯ ಹಟ.

“ಸಾಹೇಬ್ರ, ಇದನ್ನ ಚುಚ್ಚಿದ ಮ್ಯಾಲೆ ಖರೇನ ಏನೂ ಆಗಂಗಿಲ್ರಿ?” ಎಂದು ಕೇಳಿದಳು.

“ಏನೂ ಆಗಂಗಿಲ್ಲವಾ. ನೀ ಅರಾಮಿರು. ಇನ್ನ ನಿಮ್ಮೂರಿಗೆ ಬ್ಯಾನಿ ಕಾಲಿಡಂಗಿಲ್ಲ” ಎಂದೆ, ಓಣಿಗೆಲ್ಲ ಕೇಳುವಂತೆ.

ಅಬ್ಬಾ, ಆವತ್ತಿನ ನನ್ನ ಜಂಬ! ಬೆಳಗಿನ ಎಂಟು ಗಂಟೆಯೊಳಗೆ ನೂರಾ ಎಂಬತ್ತಾರು ಕೋಳಿಗಳಿಗೆ ಲಸಿಕೆ ಆಯಿತು. ತಿರುಗಿ ಬರುವಾಗ ಯಲ್ಲಪ್ಪ ಮೆಲ್ಲಗೆ, “ಹದ್ನಾಕ ದಿನದ್ದು ಹೇಳಲಿಲ್ಲಲ್ರಿ ಸಾಹೇಬ್ರ?” ಎಂದ. “ಹೇಳಿದ್ರ ಒಬ್ಬರರ ಬುಟ್ಟಿ ಎತ್ತತಿದ್ರೇನು? ಸುಮ್ನಿರು ಯಲ್ಲಪ್ಪ” ಎಂದು ಬಾಯಿ ಮುಚ್ಚಿಸಿದೆ. ಮೇಲಧಿಕಾರಿಗಳಿಂದ ಶಾಬಾಸ್‌ಗಿರಿಯೂ ಬಂತು.

ಹನ್ನೆರಡನೆಯ ದಿನ ಆ ಊರಿನವನೊಬ್ಬ ದವಾಖಾನೆಯ ಬಾಗಿಲಲ್ಲಿ ನಿಂತು, “ನಿಮ್ಮ ಸೂಜಿಗೆ ಊರ ಕೋಳಿ ಎಲ್ಲಾ ಸತ್ತು ನೋಡ್ರಿ” ಎಂದು ಕೂಗಿ ಹೋದ. ಥರ್ಮಾಸ್ ಕೆಟ್ಟಿತ್ತೇ, ಲಸಿಕೆ ಬಿಸಿಯಾಗಿತ್ತೇ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಆದರೆ ಅದೇ ಪೆಟ್ಟಿಗೆಯ ಲಸಿಕೆ ಬೇರೆ ಎರಡು ಊರುಗಳಲ್ಲಿ ಚೆನ್ನಾಗಿ ಹಿಡಿದಿತ್ತು.

ಹಳ್ಳಿಯಲ್ಲಿ ಒಬ್ಬರೂ ಮಾತಾಡಿಸಲಿಲ್ಲ. ಹುಸೇನಬಿಯ ಅಂಗಳದಲ್ಲಿ ಬುಟ್ಟಿಗಳು ಬೋರಲು ಬಿದ್ದಿದ್ದವು. ಗೋಡೆಗೆ ಒರಗಿ ಫಾತಿಮಾ ಕುಳಿತಿದ್ದಳು. ಕಣ್ಣು ಬಿಳಿಚಿಕೊಂಡ, ಮೈಯಲ್ಲಿ ರಕ್ತವೇ ಇಲ್ಲದ ಹುಡುಗಿ. ಹೊರಗಿನ ಕೋಳಿ ಏನಾದರೂ ಬಂದಿದ್ದವೇ ಎಂದು ಹುಸೇನಬಿಯನ್ನು ಕೇಳಿದೆ.

“ಬಂದಿದ್ವಲ್ರಿ. ಇಕಿ ಬರೂ ಮುಂದ ಬೀಗರು ಗಾಡ್ಯಾಗ ಏಳು ಕೋಳಿ ಕಳಿಸಿದ್ರು. ನಮ್ಮಲ್ಲಿ ಬ್ಯಾನಿ ಬಿದ್ದೈತಿ, ನಿಮ್ಮೂರಾಗ ಸೂಜಿ ಆಗೇತಿ, ನಿಮ್ಮ ಮನ್ಯಾಗ ಉಳೀತಾವು, ಇಟ್ಕೋರಿ ಅಂದ್ರು. ನೀವ ಏನೂ ಆಗಂಗಿಲ್ಲ ಅಂದಿದ್ರಲ್ರಿ, ಅದಕ್ಕ ಇಟಗೊಂಡೆ.”

ಅವು ಬಂದದ್ದು ಲಸಿಕೆಯಾದ ಮೂರನೆಯ ದಿನ. ಅವಳ ಮನೆಗಷ್ಟೇ ಅಲ್ಲ, ಹನ್ನೊಂದು ಮನೆಗಳಿಗೆ ಹೀಗೆ ಬೀಗರ ಕೋಳಿ, ಅಕ್ಕತಂಗಿಯರ ಕೋಳಿ ಬಂದಿದ್ದವು. ಬ್ಯಾನಿ ಬಿದ್ದ ಊರಿನಿಂದ ಕೋಳಿಯನ್ನು ಸಂಬಂಧಿಕರ ಮನೆಗೆ ಸಾಗಿಸುವುದು ಈ ಸೀಮೆಯ ಹಳೆಯ ರೂಢಿ. ಬಾಗಿಲಿಗೆ ಬಂದ ಬೀಗರ ಕೋಳಿಯನ್ನು ಬೇಡವೆನ್ನಲು ಯಾರ ನಾಲಿಗೆಯೂ ಹೊರಳದು. ನಾನು ಊರಿಗೆ ಕಾವಲು ಹಾಕಿದೆನೆಂದುಕೊಂಡಿದ್ದೆ. ನನ್ನ ಮಾತು ಕೇಳಿಯೇ ಸುತ್ತಲಿನ ರೋಗವೆಲ್ಲ ಗಾಡಿ ಹತ್ತಿ ಆ ಊರಿಗೆ ಬಂದಿತ್ತು.

ಹದಿನಾಲ್ಕು ದಿನದ ಸಂಗತಿಯನ್ನು ಆಗ ಅವಳಿಗೆ ಹೇಳಿದೆ. ಪೂರ್ತಿ ಕೇಳಿದಳು.

“ಇದು ನಿಮಗ ಆವತ್ತ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಒಂದ ಮಾತು ಹೇಳಬೇಕಿಲ್ಲೇನ್ರಿ ಸಾಹೇಬ್ರ? ಬೀಗರ ಸಿಟ್ಟು ಕಟಗೋತಿದ್ದೆ. ಕೋಳಿ ಹೊಳ್ಳಿ ಕಳಿಸ್ತಿದ್ದೆ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನವೆಂಬರಿನಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಗದಗ-ಬೆಟಗೇರಿಯಲ್ಲಿ ಪೇಢೆ ಹಂಚಿದರು, ನಾನೂ ತಿಂದೆ. ಮರುವಾರ ಹೊಸ ಲಸಿಕೆಯ ಪೆಟ್ಟಿಗೆ ಹಿಡಿದು ಯಲ್ಲಪ್ಪನೊಡನೆ ಆ ಊರಿಗೆ ಹೋದೆ. ನಮ್ಮನ್ನು ಕಂಡದ್ದೇ ಹೆಂಗಸರು ಹೊಸದಾಗಿ ಸಾಕಿದ ಕೋಳಿಗಳನ್ನು ಒಳಗೆ ತಳ್ಳಿ ಕದ ಹಾಕಿಕೊಂಡರು. ಹುಸೇನಬಿಯ ಅಂಗಳದಲ್ಲಿ ಕೋಳಿಯೇ ಇರಲಿಲ್ಲ. ಫಾತಿಮಾ ಹೆಣ್ಣುಕೂಸನ್ನು ಹಡೆದಿದ್ದಳಂತೆ. ನಲವತ್ತು ದಿನವೂ ಜೋಳದ ಗಂಜಿಯೇ ಗತಿಯಾಯಿತಂತೆ. ಹಾಲು ಇಳಿಯಲಿಲ್ಲ, ಕೂಸು ಎರಡು ತಿಂಗಳು ದಾಟಲಿಲ್ಲ. ಇಷ್ಟನ್ನು ನಮಗೆ ಹೇಳಿದವಳು ಪಕ್ಕದ ಮನೆಯಾಕೆ, ಕದದ ಸಂದಿನಿಂದ. ಕೋಳಿಸಾರು ಉಂಡಿದ್ದರೆ ಕೂಸು ಉಳಿಯುತ್ತಿತ್ತೇ? ಯಾವ ವೈದ್ಯನೂ ಹೇಳಲಾರ. ಉಳಿಯುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಆಮೇಲೆ ನಿವೃತ್ತನಾಗುವವರೆಗೂ ಯಾವ ಊರಿಗೆ ಹೋದರೂ ಮೊದಲು ಹದಿನಾಲ್ಕು ದಿನದ ಮಾತು ಹೇಳಿ ನಂತರವೇ ಸಿರಿಂಜ್ ತೆಗೆದೆ. ಲಸಿಕೆ ಏನು ಮಾಡುತ್ತದೆಂದು ಹೇಳಿದಷ್ಟೇ ಗಟ್ಟಿಯಾಗಿ, ಏನು ಮಾಡುವುದಿಲ್ಲವೆಂದೂ ಹೇಳಬೇಕು. ಕೆಲಸ ನನಗೆ ಕಲಿಸಿದ್ದು ಇದನ್ನು. ಕೇಳಿ ನಕ್ಕವರಿದ್ದಾರೆ, ಬುಟ್ಟಿ ಎತ್ತಿಕೊಂಡು ಒಳಗೆ ಹೋದವರಿದ್ದಾರೆ. ಹುಸೇನಬಿಯ ಊರಿನಲ್ಲಿ ಅದನ್ನು ಹೇಳಲು ಇನ್ನೂ ನಾಲ್ಕು ಸಲ ಹೋದೆ. ಕೇಳಲು ಒಬ್ಬರೂ ಹೊರಗೆ ಬರಲಿಲ್ಲ. ಎರಡು ವರ್ಷದ ಮೇಲೆ ಅಲ್ಲಿ ಮತ್ತೆ ರಾಣಿಖೇತ್ ಬಿತ್ತು.